ಸಮ್ಮೇಳನಕ್ಕೆ ಊರು ಆರಿಸುವ ಮುಂಚೆ ಕ್ಯಾಲೆಂಡರ್ ತೆಗೀರಿ

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನ ನಡೆದ ಊರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 2002ರಲ್ಲಿ ಡೆಟ್ರಾಯಿಟ್, 2006ರಲ್ಲಿ ಬಾಲ್ಟಿಮೋರ್, 2012ರಲ್ಲಿ ಅಟ್ಲಾಂಟಾ, 2024ರಲ್ಲಿ ರಿಚ್‌ಮಂಡ್. ನಾಲ್ಕೂ ಕಪ್ಪು ಅಮೆರಿಕನ್ನರ ಚರಿತ್ರೆಯಲ್ಲಿ ದೊಡ್ಡ ಹೆಸರಿರುವ ಊರುಗಳು. ರಿಚ್‌ಮಂಡಿನ ಕನ್ವೆನ್ಷನ್ ಸೆಂಟರ್ ಅಂತೂ ಜಾಕ್ಸನ್ ವಾರ್ಡ್ ಎಂಬ ಹಳೇ ಕಪ್ಪು ಬಡಾವಣೆಯ ಅಂಚಿನಲ್ಲೇ ಇದೆ. 1903ರಲ್ಲಿ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ಕಟ್ಟಿದ ಮ್ಯಾಗಿ ವಾಕರ್ ಅವರ ಮನೆ ಅಲ್ಲಿಂದ ಕಾಲ್ನಡಿಗೆಯ ದೂರ. ಆದರೆ ಇಂಥ ಊರಿಗೆ ಮೂರು ದಿನ ಹೋಗಿಬಂದ ಯಾರನ್ನಾದರೂ ಕೇಳಿ, ಹೋಟೆಲ್ ಲಾಬಿ, ಊಟದ ಕ್ಯೂ, ರಾತ್ರಿ ಹನ್ನೊಂದಕ್ಕೆ ಶುರುವಾದ ಆರ್ಕೆಸ್ಟ್ರಾ, ಇಷ್ಟೇ ಬಾಯಿಗೆ ಬರುತ್ತದೆ. ಜನರಿಗೆ ಆಸಕ್ತಿ ಇಲ್ಲ ಅಂತಲ್ಲ. ಹೊರಗೆ ಹೋಗಲು ಪುರುಸೊತ್ತೇ ಸಿಗದ ಹಾಗೆ ಕಾರ್ಯಕ್ರಮ ಹೆಣೆದಿರುತ್ತಾರೆ, ಪುರುಸೊತ್ತು ಸಿಕ್ಕ ದಿನ ಮ್ಯೂಸಿಯಂ ಬಾಗಿಲು ಹಾಕಿರುತ್ತದೆ.

ಈಗ ಅಲ್ಲಲ್ಲಿ ಕಮಿಟಿಗಳಲ್ಲಿ 'ಈ ಸಲ ಹೆರಿಟೇಜ್ ಇರುವ ಊರು ನೋಡೋಣ' ಎಂಬ ಮಾತು ಏಳುತ್ತಿದೆ. ತುಂಬ ಒಳ್ಳೆಯದು. ನಮಗೆ ಇದು ಪರರ ಚರಿತ್ರೆ ಏನಲ್ಲ. 1946ರಿಂದ ಇಡೀ ಭಾರತಕ್ಕೆ ಅಮೆರಿಕ ಇಟ್ಟಿದ್ದ ವಲಸೆ ಕೋಟಾ ವರ್ಷಕ್ಕೆ 100 ಜನ. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂತು, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು, ಅದೇ ವರ್ಷದ ಅಕ್ಟೋಬರಿನಲ್ಲಿ ಆ ಕೋಟಾ ಪದ್ಧತಿ ಕಿತ್ತುಹಾಕಿದ ವಲಸೆ ಕಾನೂನು. ಮೂರೂ ಒಂದೇ ಅಲೆಯಲ್ಲಿ ಬಂದವು. ಆ ಅಲೆ ಎಬ್ಬಿಸಲು ಯಾರು ಲಾಠಿ ಏಟು ತಿಂದರು, ಯಾರು ಜೈಲಿಗೆ ಹೋದರು ಅನ್ನುವುದು ಅಲಬಾಮಾ, ಟೆನೆಸಿಯ ಊರುಗಳಲ್ಲಿ ಬೀದಿ ಬೀದಿಯಲ್ಲೂ ಬರೆದಿದೆ. ಎಚ್-1ಬಿ ವೀಸಾದ ಮೇಲೆ ಬಂದವರು, ಎಪ್ಪತ್ತರ ದಶಕದಲ್ಲಿ ಬಂದ ವೈದ್ಯರು, ಎಲ್ಲರೂ ಕಾಲಿಟ್ಟದ್ದು ಆ ಬಾಗಿಲಿನಲ್ಲೇ.

ಅದಕ್ಕೇ ನನ್ನ ಒತ್ತಾಯ ಒಂದೇ. ಇಂಥ ಊರನ್ನು ಆರಿಸುವಾಗ ಪ್ರವಾಸಿ ಇಲಾಖೆಯ ಬ್ರೋಷರ್ ಪಕ್ಕಕ್ಕಿಡಿ. ಮೊದಲು ವಾರ ನೋಡಿ, ಆಮೇಲೆ ದೂರ ನೋಡಿ, ಕೊನೆಗೆ ಹೋಟೆಲ್ ದರ ನೋಡಿ. ನಮ್ಮಲ್ಲಿ ನಡೆಯುವುದು ಸರಿಯಾಗಿ ಇದರ ಉಲ್ಟಾ.

ವಾರದಿಂದಲೇ ಶುರು ಮಾಡೋಣ. ನಮ್ಮ ದೊಡ್ಡ ಸಮ್ಮೇಳನಗಳು ಸಾಮಾನ್ಯವಾಗಿ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ವಾರಾಂತ್ಯಕ್ಕೆ ಬೀಳುತ್ತವೆ. ಶುಕ್ರವಾರದಿಂದ ಭಾನುವಾರ ಕಾರ್ಯಕ್ರಮ, ಸೋಮವಾರ ರಜೆ. ಕಮಿಟಿಗೆ ಥಟ್ಟನೆ ಹೊಳೆಯುವುದು 'ಸೋಮವಾರ ಹೆರಿಟೇಜ್ ಟೂರ್ ಇಟ್ಟುಬಿಡೋಣ' ಅಂತ. ಅಲ್ಲೇ ಎಡವುತ್ತೇವೆ. ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಈಕ್ವಲ್ ಜಸ್ಟಿಸ್ ಇನಿಷಿಯೇಟಿವ್ ಎಂಬ ಸಂಸ್ಥೆ ನಡೆಸುವ ಮ್ಯೂಸಿಯಂ, ಸ್ಮಾರಕಗಳು ಬುಧವಾರದಿಂದ ಭಾನುವಾರದವರೆಗೆ ಮಾತ್ರ ತೆರೆದಿರುತ್ತವೆ. ಬರ್ಮಿಂಗ್‌ಹ್ಯಾಂನ ಸಿವಿಲ್ ರೈಟ್ಸ್ ಇನ್‌ಸ್ಟಿಟ್ಯೂಟಿಗೂ ಸೋಮವಾರ ರಜೆ. ಮೆಂಫಿಸ್‌ನ ನ್ಯಾಷನಲ್ ಸಿವಿಲ್ ರೈಟ್ಸ್ ಮ್ಯೂಸಿಯಂಗೆ ಮಂಗಳವಾರ ರಜೆ. ಈ ವೇಳಾಪಟ್ಟಿಗಳು ಆಗಾಗ ಬದಲಾಗುತ್ತವೆ, ಒಪ್ಪಂದಕ್ಕೆ ಸಹಿ ಹಾಕುವ ವಾರ ಫೋನ್ ಮಾಡಿಯೇ ಖಚಿತ ಮಾಡಿಕೊಳ್ಳಿ. ಬಾಗಿಲು ತೆರೆದಿದ್ದರೂ ಸೋಮವಾರ ಯಾರಿಗೂ ಮನಸ್ಸಿರುವುದಿಲ್ಲ. ಚೆಕ್‌ಔಟ್, ಸೂಟ್‌ಕೇಸ್, ಮಧ್ಯಾಹ್ನದ ಫ್ಲೈಟ್, ಮಕ್ಕಳಿಗೆ ಮಾರನೇ ದಿನ ಶಾಲೆ. ಹಾಗಾಗಿ ಪ್ರವಾಸ ಸಮ್ಮೇಳನಕ್ಕೆ ಮುಂಚೆ ಇರಲಿ, ಗುರುವಾರ. ಹೋಟೆಲ್ ಒಪ್ಪಂದದಲ್ಲಿ ಸಮ್ಮೇಳನದ ಹಿಂದಿನ ಮೂರು ದಿನಕ್ಕೂ ಗುಂಪಿನ ದರವೇ ಅನ್ವಯ ಅಂತ ಒಂದು ಸಾಲು ಸೇರಿಸಿ ಅಂದರೆ ಬಹುತೇಕ ಹೋಟೆಲ್‌ಗಳು ಒಪ್ಪುತ್ತವೆ. ಕೇಳದಿದ್ದರೆ ತಾವಾಗಿ ಕೊಡುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಹೋಗಿ ಸಂಜೆ ಉದ್ಘಾಟನೆಗೆ ಬರಬಹುದಲ್ಲ ಅನ್ನುವವರು ಲೆಕ್ಕ ಹಾಕಿ ನೋಡಲಿ. ಅಟ್ಲಾಂಟಾದಿಂದ ಮಾಂಟ್‌ಗೊಮರಿಗೆ ಸುಮಾರು 160 ಮೈಲಿ, ಬಸ್ಸಿನಲ್ಲಿ ಎರಡೂವರೆ ಗಂಟೆ. ಜಾರ್ಜಿಯಾ ಈಸ್ಟರ್ನ್ ಟೈಮ್, ಅಲಬಾಮಾ ಸೆಂಟ್ರಲ್. ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಅದೇ ಒಂದು ಗಂಟೆ ಕೈಬಿಡುತ್ತದೆ. ಬೆಳಿಗ್ಗೆ ಏಳೂಕಾಲಿಗೆ ಹೊರಟರೆ ಅಲ್ಲಿಯ ಎಂಟೂ ಮುಕ್ಕಾಲಿಗೆ ತಲುಪುತ್ತೀರಿ, ಒಂಬತ್ತಕ್ಕೆ ಬಾಗಿಲು ತೆರೆಯುವುದಕ್ಕೆ ಸರಿಹೋಗುತ್ತದೆ. ಅಲ್ಲಿಯ ನಾಲ್ಕಕ್ಕೆ ಹೊರಟರೂ ಅಟ್ಲಾಂಟಾದ ಗಡಿಯಾರದಲ್ಲಿ ಐದು. ಬಂದು ಸೇರುವುದು ಏಳೂವರೆ. ಅದೂ ಲೇಬರ್ ಡೇ ಶುಕ್ರವಾರದ ಐ-85 ಹೆದ್ದಾರಿ! ಎಂಟೂವರೆ ಅಂದುಕೊಳ್ಳಿ. ಅಷ್ಟರಲ್ಲಿ ದೀಪ ಬೆಳಗಿ, ನಾಡಗೀತೆ ಮುಗಿದು, ಮಂತ್ರಿಗಳ ಭಾಷಣವೂ ಆಗಿರುತ್ತದೆ. (ಕೊನೆಯದು ತಪ್ಪಿದರೆ ಬೇಜಾರಿಲ್ಲ ಅನ್ನುವವರೂ ಇದ್ದಾರೆ, ಇರಲಿ.)

ಡ್ರೈವರ್ ಲೆಕ್ಕವೂ ಇದೆ. ಪ್ರಯಾಣಿಕರ ಬಸ್ಸಿನ ಡ್ರೈವರ್ ಎಂಟು ಗಂಟೆ ವಿಶ್ರಾಂತಿಯ ನಂತರ ಹೆಚ್ಚೆಂದರೆ ಹತ್ತು ಗಂಟೆ ಓಡಿಸಬಹುದು. ಕಾಯುವ ಹೊತ್ತೂ ಸೇರಿ ಡ್ಯೂಟಿ ಹದಿನೈದು ಗಂಟೆ ಮುಟ್ಟಿದರೆ ಮತ್ತೆ ಸ್ಟೀರಿಂಗ್ ಹಿಡಿಯುವಂತಿಲ್ಲ. ಇದು ಕೇಂದ್ರ ಸರ್ಕಾರದ ನಿಯಮ, ಕಂಪನಿಯವರ ಹತ್ತಿರ ಚೌಕಾಸಿ ಮಾಡಿ ಪ್ರಯೋಜನವಿಲ್ಲ. 'ಹೇಗೂ ಅಲ್ಲಿವರೆಗೆ ಹೋಗಿದ್ದೀವಿ, ಸೆಲ್ಮಾ ಸೇತುವೆನೂ ನೋಡಿಬಿಡೋಣ' ಅಂತ ಯಾರಾದರೂ ಬಸ್ಸಿನಲ್ಲೇ ಎದ್ದುನಿಂತು ಹೇಳುತ್ತಾರೆ. 1965ರಲ್ಲಿ ಮತದಾನದ ಹಕ್ಕು ಕೇಳಿ ಹೊರಟವರು ಪೊಲೀಸರ ಏಟು ತಿಂದ ಸೇತುವೆ ಅದು. ಸೆಲ್ಮಾ ಮಾಂಟ್‌ಗೊಮರಿಯಿಂದ ಇನ್ನೂ 54 ಮೈಲಿ ಪಶ್ಚಿಮಕ್ಕೆ. ಹೋಗಿಬರಲು ಎರಡು ಗಂಟೆ, ನೋಡಲು ಒಂದು. ಅಟ್ಲಾಂಟಾದಿಂದ ಒಂದೇ ದಿನದಲ್ಲಿ ಎರಡೂ ಅಂದರೆ ಎರಡೂ ಅರೆಬರೆ. ಸೆಲ್ಮಾ ಬೇಕೇ ಬೇಕು ಅಂದರೆ ರಾತ್ರಿ ಮಾಂಟ್‌ಗೊಮರಿಯಲ್ಲಿ ತಂಗಿ.

ಮಾಂಟ್‌ಗೊಮರಿಯಲ್ಲಿ ಏನಿದೆ ಅಂತ ಕೇಳುವವರಿಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನನ್ನ ಪ್ರಕಾರ ಅಮೆರಿಕದಲ್ಲಿ ಒಂದೇ ಒಂದು ಜಾಗ ನೋಡುವುದಾದರೆ ಇದನ್ನೇ ನೋಡಬೇಕು. ಲೆಗಸಿ ಮ್ಯೂಸಿಯಂ, 2018ರಲ್ಲಿ ತೆರೆದ ಶಾಂತಿ ಮತ್ತು ನ್ಯಾಯದ ರಾಷ್ಟ್ರೀಯ ಸ್ಮಾರಕ, 2024ರಲ್ಲಿ ಅಲಬಾಮಾ ನದಿಯ ದಂಡೆಯಲ್ಲಿ ತೆರೆದ ಶಿಲ್ಪ ಉದ್ಯಾನ, ಹೀಗೆ ಮೂರು ತಾಣ. ಮೂರಕ್ಕೂ ಸೇರಿ ಟಿಕೆಟ್ ಐದೇ ಡಾಲರ್, ನಡುವೆ ಓಡಾಡಲು ಉಚಿತ ಶಟಲ್. ಸ್ಮಾರಕದಲ್ಲಿ ತುಕ್ಕು ಬಣ್ಣದ ಉಕ್ಕಿನ ಪೆಟ್ಟಿಗೆಗಳು, ಆಳೆತ್ತರದವು, 800ಕ್ಕಿಂತ ಹೆಚ್ಚು. ಒಂದೊಂದೂ ಒಂದೊಂದು ಕೌಂಟಿಗೆ. ಅದರ ಮೇಲೆ ಆ ಕೌಂಟಿಯಲ್ಲಿ ಗುಂಪು ಸೇರಿ ಕೊಂದವರ ಹೆಸರು, ದಿನಾಂಕ. 1877ರಿಂದ 1950ರವರೆಗೆ ದಾಖಲೆ ಸಿಕ್ಕ ಕೊಲೆಗಳೇ 4,400 ದಾಟುತ್ತವೆ. ಒಳಗೆ ಹೋದಾಗ ಪೆಟ್ಟಿಗೆಗಳು ಕಣ್ಣಿನ ಮಟ್ಟದಲ್ಲಿ ನಿಂತಿರುತ್ತವೆ, ಹೆಸರು ಓದಬಹುದು. ಮುಂದೆ ಹೋದಂತೆ ನೆಲ ಇಳಿಯುತ್ತಾ ಹೋಗುತ್ತದೆ, ಪೆಟ್ಟಿಗೆಗಳು ಇದ್ದಲ್ಲೇ ಇರುತ್ತವೆ. ಕೊನೆಗೆ ಅವು ತಲೆಯ ಮೇಲೆ ತೂಗುತ್ತಿರುತ್ತವೆ, ಓದಲು ಕತ್ತೆತ್ತಬೇಕು. ಯಾವ ಗೈಡೂ ಇದನ್ನು ವಿವರಿಸಬೇಕಾಗಿಲ್ಲ.

ಮ್ಯೂಸಿಯಂ ಒಳಗೆ ಒಂದು ಗೋಡೆ ತುಂಬ ಗಾಜಿನ ಜಾಡಿಗಳು. ಕೊಲೆ ನಡೆದ ಜಾಗಗಳಿಂದ ಸ್ವಯಂಸೇವಕರು ಅಗೆದು ತಂದ ಮಣ್ಣು, ಜಾಡಿಯ ಮೇಲೆ ಹೆಸರು, ಊರು, ತಾರೀಖು. ಕೆಮ್ಮಣ್ಣು, ಎರೆಮಣ್ಣು, ಮರಳು, ಬೂದಿ ಬಣ್ಣದ್ದು, ಎಲ್ಲವೂ ಇವೆ. ಹೊಲ ಕಂಡವರ ಮನೆಯಿಂದ ಬಂದವರು ಆ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ಫೋಟೋ ತೆಗೆಯುವಂತಿಲ್ಲ, ಇದನ್ನು ಬಸ್ಸಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಬಾಗಿಲಲ್ಲಿ ವಾದ. ಮ್ಯೂಸಿಯಂಗೆ ಎರಡೂವರೆ ಗಂಟೆ, ಸ್ಮಾರಕಕ್ಕೆ ಒಂದು, ಉದ್ಯಾನಕ್ಕೆ ಒಂದೂವರೆ. ಚರಿತ್ರೆಯ ಕ್ರಮದಲ್ಲಿ ಮ್ಯೂಸಿಯಂ ಮೊದಲು ಬರಬೇಕು, ಆದರೆ ಸ್ಮಾರಕ ಇರುವುದು ಬಯಲು ದಿಬ್ಬದ ಮೇಲೆ. ಆಗಸ್ಟ್ ಕೊನೆಯಲ್ಲಿ ಅಲ್ಲಿ 33 ಡಿಗ್ರಿ ಸೆಲ್ಸಿಯಸ್, ಜೊತೆಗೆ ಮಂಗಳೂರಿನ ಸೆಖೆ. ಹಿರಿಯರಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಸ್ಮಾರಕ, ಬಿಸಿಲು ಏರಿದ ಮೇಲೆ ಎಸಿ ಇರುವ ಮ್ಯೂಸಿಯಂ. ಎರಡು ಬಸ್ ಇದ್ದರೆ ಒಂದನ್ನು ಅಲ್ಲಿಗೆ ಒಂದನ್ನು ಇಲ್ಲಿಗೆ ಕಳಿಸಿ, ನೂರು ಜನ ಒಟ್ಟಿಗೆ ಬಾಗಿಲಲ್ಲಿ ನಿಲ್ಲುವುದು ಬೇಡ. ಹತ್ತು ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮ್ಯೂಸಿಯಂ ತುಂಬ ಭಾರವಾಗುತ್ತದೆ. ಅವರನ್ನು ರೋಸಾ ಪಾರ್ಕ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಬಿಳಿಯರಿಗೆ ಸೀಟು ಬಿಡಲು ಒಪ್ಪದ ಪಾರ್ಕ್ಸ್ ಅವರನ್ನು 1955ರ ಡಿಸೆಂಬರ್ 1ರಂದು ಬಸ್ಸಿನಿಂದ ಇಳಿಸಿ ಬಂಧಿಸಿದ ಜಾಗದಲ್ಲೇ ಅದು ಇದೆ. ಆಮೇಲೆ 381 ದಿನ ಊರಿನ ಕಪ್ಪು ಜನ ಬಸ್ ಹತ್ತಲಿಲ್ಲ ಅಂದರೆ ಮಕ್ಕಳಿಗೂ ಅರ್ಥವಾಗುತ್ತದೆ.

ಹಾಗಿದ್ದರೆ ಸಮ್ಮೇಳನವನ್ನೇ ಮಾಂಟ್‌ಗೊಮರಿಯಲ್ಲಿ ಇಡಬಾರದೇಕೆ? ಮುನ್ನೂರು ನಾನೂರು ಜನರ ವಿಚಾರ ಸಂಕಿರಣವಾದರೆ ಧಾರಾಳವಾಗಿ ಇಡಿ. ಮೂರು ನಾಲ್ಕು ಸಾವಿರ ಜನರನ್ನು ಆ ಪುಟ್ಟ ವಿಮಾನ ನಿಲ್ದಾಣ ತಡೆದುಕೊಳ್ಳುವುದಿಲ್ಲ.

ದೊಡ್ಡ ಜಾತ್ರೆಗೆ ಅಟ್ಲಾಂಟಾನೇ ಸರಿ. ಎಲ್ಲ ಕಡೆಯಿಂದ ನೇರ ಫ್ಲೈಟ್, ವಿಮಾನ ನಿಲ್ದಾಣದ ಒಳಗಿನಿಂದಲೇ ಮಾರ್ಟಾ ರೈಲು, ಕನ್ವೆನ್ಷನ್ ಸೆಂಟರ್ ಪಕ್ಕದಲ್ಲೇ ಸ್ಟೇಷನ್. ಆಬರ್ನ್ ಅವೆನ್ಯೂದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ, ಅವರು ಪಾದ್ರಿಯಾಗಿದ್ದ ಎಬೆನೀಜರ್ ಚರ್ಚ್, ಸಮಾಧಿ ಎಲ್ಲ ಒಂದೇ ಬೀದಿಯ ಆಸುಪಾಸು. ಕನ್ವೆನ್ಷನ್ ಸೆಂಟರಿನಿಂದ ಎರಡು ಮೈಲಿ. ನಡೆಯಬಹುದು, ಆದರೆ ದಾರಿಯಲ್ಲಿ ಹೆದ್ದಾರಿಯ ಸೇತುವೆ ಕೆಳಗೆ ಹಾಯಬೇಕು. ಆ ಹೆದ್ದಾರಿಯೇ ಆಬರ್ನ್ ಅವೆನ್ಯೂವನ್ನು ಸೀಳಿ ಅಲ್ಲಿಯ ಕಪ್ಪು ವರ್ತಕರ ವ್ಯಾಪಾರ ಮುರಿದದ್ದು, ಅದನ್ನೂ ತೋರಿಸಿ. ಟ್ರಾಮ್ ಇದೆ, ಓಡುತ್ತಿದೆಯೇ ಅಂತ ಆ ವಾರ ನೋಡಿಕೊಳ್ಳಿ. ಅಲ್ಲಿ ಒಂದು ಗಾಂಧಿ ಪ್ರತಿಮೆ ಇದೆ, 1998ರಲ್ಲಿ ಭಾರತದ ಕಡೆಯಿಂದ ಕೊಟ್ಟದ್ದು. ನಮ್ಮವರು ಅದರ ಮುಂದೆ ಗ್ರೂಪ್ ಫೋಟೋ ತೆಗೆಸಿಕೊಂಡು ಬಸ್ ಹತ್ತಿಬಿಡುತ್ತಾರೆ. 1959ರಲ್ಲಿ ಕಿಂಗ್ ದಂಪತಿ ಭಾರತದಲ್ಲಿ ತಿಂಗಳ ಕಾಲ ತಿರುಗಿದರು. ಕೇರಳದ ಒಂದು ಶಾಲೆಯಲ್ಲಿ ದಲಿತ ಮಕ್ಕಳಿಗೆ ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯ ಬಂಧು ಅಂತ ಪರಿಚಯಿಸಿದಾಗ ಮೊದಲು ಕಸಿವಿಸಿಯಾಯಿತು, ಆಮೇಲೆ ಹೌದು, ನಾನು ಅಸ್ಪೃಶ್ಯನೇ ಅನ್ನಿಸಿತು ಅಂತ 1965ರಲ್ಲಿ ಇದೇ ಎಬೆನೀಜರ್ ಚರ್ಚಿನಲ್ಲಿ ನಿಂತು ಅವರೇ ಹೇಳಿದರು. ಗಾಂಧಿ ಪ್ರತಿಮೆಯ ಮುಂದೆ ನಿಂತಾಗ ಈ ಮಾತನ್ನು ಹೇಳುವ ಒಬ್ಬರು ಗುಂಪಿನಲ್ಲಿರಲಿ.

ಅಟ್ಲಾಂಟಾ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕಿಂಗ್ ಹುಟ್ಟಿದ ಮನೆ 2023ರ ನವೆಂಬರಿನಲ್ಲಿ ದುರಸ್ತಿಗೆ ಮುಚ್ಚಿತು, ಎರಡು ವರ್ಷದ ಕೆಲಸ ಅಂದರು. ಊರಿನ ಇನ್ನೊಂದು ದೊಡ್ಡ ಮ್ಯೂಸಿಯಂ, ನಾಗರಿಕ ಮತ್ತು ಮಾನವ ಹಕ್ಕುಗಳ ಕೇಂದ್ರ, ವಿಸ್ತರಣೆಗೆಂದು 2025ರಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ನಾವು ಊರು ಗೊತ್ತು ಮಾಡುವುದು ಎರಡು ವರ್ಷ ಮುಂಚೆ, ಆಗ ತೆರೆದಿದ್ದದ್ದು ಸಮ್ಮೇಳನದ ಹೊತ್ತಿಗೂ ತೆರೆದಿರುತ್ತದೆ ಅನ್ನುವ ಖಾತ್ರಿ ಇಲ್ಲ. ಜೊತೆಗೆ, ಕಿಂಗ್ ಹುಟ್ಟಿದ ಮನೆ ಸೇರಿರುವ ಚಾರಿತ್ರಿಕ ಉದ್ಯಾನ ಅಮೆರಿಕದ ಕೇಂದ್ರ ಸರ್ಕಾರದ್ದು. ಅಲ್ಲಿಯ ಬಜೆಟ್ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಲ್ಲಿಯ ಸಂಸತ್ತು ಜಗಳವಾಡಿ ಹಣ ಮಂಜೂರು ಮಾಡದಿದ್ದರೆ 2013ರಲ್ಲಿ, 2025ರಲ್ಲಿ ಆದ ಹಾಗೆ ಅಕ್ಟೋಬರ್ 1ಕ್ಕೆ ಸರ್ಕಾರವೇ ಬೀಗ. ಅಕ್ಟೋಬರಿನಲ್ಲಿ ಸಭೆ ಇಡುವವರು, ರಾಜ್ಯೋತ್ಸವವನ್ನು ಬೇಗ ಮಾಡುವವರು, ಕೇಂದ್ರ ಸರ್ಕಾರದ ತಾಣವೊಂದನ್ನೇ ನಂಬಿ ಊರು ಆರಿಸಬಾರದು. ಮಾಂಟ್‌ಗೊಮರಿ, ಮೆಂಫಿಸ್‌ನ ನಾನು ಹೇಳಿದ ಮ್ಯೂಸಿಯಂಗಳು ಕೇಂದ್ರ ಸರ್ಕಾರದವಲ್ಲ, ಅವಕ್ಕೆ ಈ ಕಾಟವಿಲ್ಲ.

ಇದೇ ಕಾರಣಕ್ಕೆ ವಾಷಿಂಗ್ಟನ್ ಬಗ್ಗೆ ನನಗೆ ಅರ್ಧ ಮನಸ್ಸು. 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ಅದ್ಭುತ, ಪ್ರವೇಶವೂ ಉಚಿತ. ಆದರೆ ವಾರಾಂತ್ಯಕ್ಕೆ ಸಮಯ ನಮೂದಿಸಿದ ಪಾಸ್ ಬೇಕು, ಅದು ಮೂವತ್ತು ದಿನ ಮುಂಚೆ ಬೆಳಿಗ್ಗೆ ಎಂಟಕ್ಕೆ ಆನ್‌ಲೈನ್ ಬಿಡುಗಡೆಯಾಗಿ ಬೇಗ ಖಾಲಿಯಾಗುತ್ತದೆ. ಬಸ್ ತುಂಬ ಜನಕ್ಕೆ ಗುಂಪಿನ ಅರ್ಜಿ ಬೇರೆ. ಲೇಬರ್ ಡೇಗೆ ಸಂಸತ್ತು ಬಿಡುವಿನಲ್ಲಿರುವುದರಿಂದ ಹೋಟೆಲ್ ಅಗ್ಗ, ಅದೊಂದು ಅನುಕೂಲ.

ಸಾವಿರ ಜನರೊಳಗಿನ ಸಭೆಗೆ ನನ್ನ ವೋಟು ಕಣ್ಣುಮುಚ್ಚಿ ಮೆಂಫಿಸ್‌ಗೆ. ಅಲ್ಲಿ ಕನ್ವೆನ್ಷನ್ ಸೆಂಟರ್ ಮೇನ್ ಸ್ಟ್ರೀಟಿನ ಉತ್ತರದ ತುದಿಯಲ್ಲಿ, ಕಿಂಗ್ ಹತ್ಯೆಯಾದ, ಈಗ ಸಿವಿಲ್ ರೈಟ್ಸ್ ಮ್ಯೂಸಿಯಂ ಆಗಿರುವ ಲೊರೇನ್ ಮೋಟೆಲ್ ದಕ್ಷಿಣದ ತುದಿಯ ಹತ್ತಿರ, ನಡುವೆ ಬ್ಲೂಸ್ ಸಂಗೀತಕ್ಕೆ ಹೆಸರಾದ ಬೀಲ್ ಸ್ಟ್ರೀಟ್. ಒಟ್ಟು ಒಂದೂವರೆ ಮೈಲಿ. ಟೂರ್ ಬಸ್ ಬೇಕಿಲ್ಲ. ಬೋರಾದ ಗೋಷ್ಠಿಯಿಂದ ಮೆಲ್ಲಗೆ ಎದ್ದು ಹೋಗಿ ಮೂರು ಗಂಟೆಯಲ್ಲಿ ನೋಡಿ ಬರಬಹುದು. ಸಂಘಟಕರು ಇದಕ್ಕೆ ಬೇಜಾರಾಗಬಾರದು, ಒಂದು ಮಧ್ಯಾಹ್ನವನ್ನು ಖಾಲಿ ಬಿಟ್ಟರೆ ಕದ್ದು ಹೋಗುವ ಪ್ರಮೇಯವೇ ಇಲ್ಲ.

1968ರ ಫೆಬ್ರವರಿ 1, ಮೆಂಫಿಸ್‌ನಲ್ಲಿ ಜೋರು ಮಳೆ. ಕಸದ ಲಾರಿಯ ಹಿಂಬದಿಯಲ್ಲಿ ಆಶ್ರಯ ಪಡೆದಿದ್ದ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಪೌರಕಾರ್ಮಿಕರು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಸತ್ತರು. ಹನ್ನೊಂದು ದಿನಕ್ಕೆ 1,300 ಪೌರಕಾರ್ಮಿಕರು ಮುಷ್ಕರ ಹೂಡಿದರು, 'ನಾನೂ ಮನುಷ್ಯ' ಎಂಬ ಫಲಕ ಹಿಡಿದು ನಡೆದರು. ಕಿಂಗ್ ಬಂದದ್ದು ಇವರಿಗಾಗಿ. ಏಪ್ರಿಲ್ 4ರ ಸಂಜೆ ಲೊರೇನ್ ಮೋಟೆಲಿನ 306ನೇ ಕೋಣೆಯ ಮುಂದಿನ ಬಾಲ್ಕನಿಯಲ್ಲಿ ನಿಂತಿದ್ದಾಗ ಗುಂಡು ಬಿತ್ತು. ಆ ಕೋಣೆ ಈಗಲೂ ಹಾಗೇ ಇದೆ, ಗಾಜಿನಾಚೆಯಿಂದ ನೋಡಬೇಕು. ಬಾಲ್ಕನಿಯ ಕಂಬಿಗೆ ಹೂವಿನ ಚಕ್ರ, ಕೆಳಗೆ ಆ ಕಾಲದ ಎರಡು ಕಾರು. ಮ್ಯಾನ್‌ಹೋಲ್ ಸಾವುಗಳ ಸುದ್ದಿ ಓದಿಕೊಂಡೇ ಬೆಳೆದ ನಮಗೆ ಮ್ಯೂಸಿಯಂ ಒಳಗಿಟ್ಟಿರುವ ಅಂಥದೇ ಕಸದ ಲಾರಿಯ ಮುಂದೆ ನಿಂತಾಗ ಅನುವಾದಕರು ಬೇಕಾಗುವುದಿಲ್ಲ. ಮೋಟೆಲಿನ ಕೊನೆಯ ಬಾಡಿಗೆದಾರ ಮಹಿಳೆಯನ್ನು 1988ರಲ್ಲಿ ಹೊರಹಾಕಿದಾಗ ಅವರು ಎದುರಿನ ಫುಟ್‌ಪಾತಿನಲ್ಲೇ ಕೂತು, ಈ ದುಡ್ಡಿನಲ್ಲಿ ಬಡವರಿಗೆ ಮನೆ ಕಟ್ಟಬೇಕಿತ್ತು ಅಂತ ದಶಕಗಳ ಕಾಲ ಪ್ರತಿಭಟಿಸಿದರು. ಆ ಕಥೆಯನ್ನೂ ಬಿಡಬೇಡಿ.

ಮೆಂಫಿಸ್‌ನ ಕೊರತೆ ನೇರ ಫ್ಲೈಟ್‌ಗಳದ್ದು. 2013ರಲ್ಲಿ ಡೆಲ್ಟಾ ತನ್ನ ಹಬ್ ಮುಚ್ಚಿದ ಮೇಲೆ ಹೆಚ್ಚಿನವರು ಎಲ್ಲೋ ಒಂದು ಕಡೆ ವಿಮಾನ ಬದಲಿಸಬೇಕು. ಸ್ಟ್ಯಾಕ್ಸ್ ಸಂಗೀತ ಮ್ಯೂಸಿಯಂ ಡೌನ್‌ಟೌನಿನಿಂದ ಆಚೆ, ಅದಕ್ಕೆ ಕಾರು ಬೇಕು.

ಬರ್ಮಿಂಗ್‌ಹ್ಯಾಂ ಅಟ್ಲಾಂಟಾ, ಮೆಂಫಿಸ್ ಎರಡರ ನಡುವಿನದು. ಕನ್ವೆನ್ಷನ್ ಸೆಂಟರಿನಿಂದ ಇಪ್ಪತ್ತು ನಿಮಿಷ ನಡೆದರೆ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್, 1963ರ ಸೆಪ್ಟೆಂಬರ್ 15ರ ಭಾನುವಾರ ಬಾಂಬಿಗೆ ನಾಲ್ವರು ಹುಡುಗಿಯರು ಸತ್ತದ್ದು ಅಲ್ಲೇ. ಎದುರಿನ ಕೆಲ್ಲಿ ಇಂಗ್ರಾಂ ಪಾರ್ಕಿನಲ್ಲಿ ಕಾಲುದಾರಿಯ ಎರಡೂ ಬದಿಯಿಂದ ಮೇಲೆರಗುವ ಪೊಲೀಸ್ ನಾಯಿಗಳ ಲೋಹದ ಶಿಲ್ಪ, ಅವುಗಳ ನಡುವೆಯೇ ನುಸುಳಿ ಹೋಗಬೇಕು. ಮಾಂಟ್‌ಗೊಮರಿ ಇಲ್ಲಿಂದ 90 ಮೈಲಿ, ಗಡಿಯಾರ ಬದಲಾಗುವ ತಲೆನೋವೂ ಇಲ್ಲ.

1963ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಹಕ್ಕು ಕೇಳಿ ನಡೆದ ಮಕ್ಕಳ ಮೆರವಣಿಗೆಯಲ್ಲಿ ಜೈಲಿಗೆ ಹೋದವರಿಗೆ ಈಗ ಎಪ್ಪತ್ತು ದಾಟಿದೆ. ಮಾತಾಡಲು ಒಪ್ಪುವವರು ಸಿಕ್ಕರೆ ಬೆಳಗಿನ ಗೋಷ್ಠಿಗೆ ಕರೆಯಿರಿ, ರಾತ್ರಿ ಒಂಬತ್ತೂವರೆಗೆ ಊಟದ ಗಲಾಟೆಯ ನಡುವೆ ಅಲ್ಲ. ಗೌರವಧನ ಎಷ್ಟೆಂದು ಮೊದಲೇ ಪತ್ರದಲ್ಲಿ ಬರೆಯಿರಿ. ಶಾಲು, ಹಾರ, ಫಲತಾಂಬೂಲ ಕೊಟ್ಟು ಕೈಮುಗಿದರೆ ಮುಗಿಯಿತು ಅನ್ನುವ ನಮ್ಮ ರೂಢಿ ಅಲ್ಲಿ ಸಲ್ಲದು. ಕರ್ನಾಟಕದಿಂದ ತಂಡ ತರುವುದಾದರೆ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಕಲಾವಿದರನ್ನು ಯೋಚಿಸಿ. ಆಫ್ರಿಕಾದ ಮೂಲದ, ಕನ್ನಡ ಮಾತಾಡುವ ಜನ ಡಮಾಮಿ ಬಾರಿಸುತ್ತಾ ಮೆಂಫಿಸ್‌ನ ವೇದಿಕೆ ಹತ್ತುವುದಕ್ಕಿಂತ ಒಪ್ಪುವ ಕಾರ್ಯಕ್ರಮ ಯಾವುದಿದೆ? ವೀಸಾಕ್ಕೆ ಮಾತ್ರ ವರ್ಷ ಮುಂಚೆಯೇ ಓಡಾಟ ಶುರುವಾಗಬೇಕು.

ಊಟದ ವಿಷಯ. ಕನ್ವೆನ್ಷನ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಕೇಟರರ್‌ಗೆ ಏಕಸ್ವಾಮ್ಯ. ಹೊರಗಿನಿಂದ ಬಿಸಿಬೇಳೆಬಾತ್ ತರಲು ಅನುಮತಿ ಬೇಕು, ಅದಕ್ಕೆ ಶುಲ್ಕವೂ ಇರುತ್ತದೆ. ಸಹಿಗೆ ಮುಂಚೆ ಕೇಳಿದರೆ ಅದು ಚೌಕಾಸಿ, ಸಹಿಯಾದ ಮೇಲೆ ಕೇಳಿದರೆ ದಂಡ. ಪ್ರವಾಸದ ದಿನ ಕಪ್ಪು ಜನರ ಹೋಟೆಲ್‌ಗಳಲ್ಲೇ ಉಣ್ಣಿ, ದುಡ್ಡು ಆ ಬೀದಿಗೆ ಸೇರಲಿ. ಅಟ್ಲಾಂಟಾದ ಪ್ಯಾಸ್ಕಲ್ಸ್, ಮೆಂಫಿಸ್‌ನ ಫೋರ್ ವೇ ಚಳವಳಿಯ ಕಾಲದಿಂದ ಇರುವವು. ಅಲಸಂದೆ, ಬೆಂಡೆಕಾಯಿ, ಸೊಪ್ಪಿನ ಪಲ್ಯ ನೋಡಿ ಸಸ್ಯಾಹಾರಿಗಳು ಹಿಗ್ಗಬೇಡಿ. ಸೊಪ್ಪು ಬೇಯಿಸುವಾಗ ಹೊಗೆ ಹಾಕಿದ ಹಂದಿ ಅಥವಾ ಟರ್ಕಿ ಮಾಂಸದ ತುಂಡು ಹಾಕುವುದು ವಾಡಿಕೆ, ಕಾಳಿಗೂ ಅಷ್ಟೇ, ಜೋಳದ ಬ್ರೆಡ್ಡಿಗೆ ಕೆಲವು ಕಡೆ ಹಂದಿ ಕೊಬ್ಬು. 'ವೆಜಿಟೇರಿಯನ್ನಾ?' ಅಂದರೆ ಹೌದು ಅಂದುಬಿಡುತ್ತಾರೆ, ಪಾಪ, ಅವರ ಲೆಕ್ಕದಲ್ಲಿ ಅದು ತರಕಾರಿಯೇ. 'ಮಾಂಸ ಹಾಕದೆ ಬೇಯಿಸಿದ್ದಾ' ಅಂತ ಕೇಳಿ. ಐವತ್ತು ಜನ ಬರುತ್ತೇವೆ ಅಂತ ವಾರ ಮುಂಚೆ ತಿಳಿಸಿದರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡಲು ಕೇಳಬಹುದು.

ಇನ್ನು ರೂಮುಗಳ ಲೆಕ್ಕ. ಹೋಟೆಲಿಗೆ ಇಷ್ಟು ರೂಮು ತುಂಬಿಸುತ್ತೇವೆ ಅಂತ ಬರೆದುಕೊಟ್ಟು ಅದರಲ್ಲಿ ನೂರಕ್ಕೆ 80 ಅಥವಾ 90 ಭಾಗ ತುಂಬದಿದ್ದರೆ ಉಳಿದದ್ದಕ್ಕೆ ಸಂಘವೇ ಕಟ್ಟಬೇಕು. ನಮ್ಮವರು ಕೊನೇ ವಾರ ಬುಕ್ ಮಾಡುವವರು, ಅರ್ಧ ಜನ ನೆಂಟರ ಮನೆಯಲ್ಲಿ ಉಳಿಯುವವರು. ಅಟ್ಲಾಂಟಾದಲ್ಲಿ ಕನ್ನಡಿಗರ ಮನೆಗಳು ಧಾರಾಳ, ರೂಮು ಖಾಲಿ ಉಳಿಯುತ್ತದೆ. ಮೆಂಫಿಸ್‌ನಲ್ಲಿ ನೆಂಟರು ಕಡಿಮೆ, ರೂಮು ತುಂಬುತ್ತದೆ. ಗುರುವಾರದ ಪ್ರವಾಸಕ್ಕೆ ಒಂದು ದಿನ ಮುಂಚೆ ಬರುವವರ ರೂಮುಗಳೂ ಈ ಲೆಕ್ಕಕ್ಕೆ ಸೇರಬೇಕು ಅಂತ ಒಪ್ಪಂದದಲ್ಲೇ ಬರೆಸಿ.

ಬಸ್ಸಿಗೆ 55 ಸೀಟು. ರಿಜಿಸ್ಟ್ರೇಷನ್ ಫಾರ್ಮಿನಲ್ಲೇ ಪ್ರವಾಸದ ಕಾಲಂ ಇಟ್ಟು, ಆಗಲೇ ದುಡ್ಡು ತಗೊಳ್ಳಿ, ಮ್ಯೂಸಿಯಂ ಟಿಕೆಟ್ ಮತ್ತು ಮಧ್ಯಾಹ್ನದ ಊಟ ಸೇರಿಸಿ. ಪುಕ್ಕಟೆ ಅಂದರೆ ಎಪ್ಪತ್ತು ಜನ ಹೆಸರು ಕೊಟ್ಟು ಬೆಳಿಗ್ಗೆ ಏಳಕ್ಕೆ ಲಾಬಿಯಲ್ಲಿ ಮೂವತ್ತು ಜನ ನಿಂತಿರುತ್ತಾರೆ. ಏಳೂಕಾಲು ಅಂದರೆ ಏಳೂಕಾಲಿಗೇ ಬಸ್ ಬಿಡಿ.